ಕಸ್ತೂರಿ ಬಾಯಿ ಬಿಟ್ಟಿರಲಿಲ್ಲ

ಇಸವಿ ೨೨೧೪, ಫೆಬ್ರವರಿ ೩೦. ಸಂಜೆ ಐದೂವರೆ ಗಂಟೆ.

ಇವತ್ತು ಪಾಳಿಗೆ ಹೋಗಲಿಲ್ಲ. ಬೆಳಿಗ್ಗೆ ನೀರು ತುಂಬಿದೆ, ಕಿಟಕಿಯ ಜಾಲರಿ ಬಿಚ್ಚಿ ಕಲ್ಲಿನ ಪುಡಿ ಕೊಡವಿದೆ, ಒಬ್ಬಳಿಗೆ ಸಾಕಾಗುವಷ್ಟು ಅನ್ನ ಮಾಡಿದೆ. ಮಧ್ಯಾಹ್ನ ಹುಲಿಗೆವ್ವ ಬಂದು ಹೊಸ್ತಿಲಾಚೆ ಎರಡು ತಾಸು ಕೂತು ಹೋದಳು. ಹುಲಿಗೆವ್ವ ಎಂದರೆ ನನ್ನ ತಂಗಿಯ ಸಾವಿಗೆ ಕಾರಣನಾದವನ ಹೆಂಡತಿ. ಅವಳು ತಂದಿಟ್ಟ ಶೇಂಗಾ ಹೋಳಿಗೆಯ ಡಬ್ಬಿ ಇನ್ನೂ ಕಟ್ಟೆಯ ಮೇಲೆಯೇ ಇದೆ. ಇರುವೆ ಮುತ್ತಿವೆ. ನಾನು ಮುಟ್ಟಿಲ್ಲ.

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲ ಎಂದು ನನಗೆ ಗೊತ್ತು. ನಿಮ್ಮ ನಂತರ ಬಂದವರು ಎಲ್ಲ ತಿಂಗಳುಗಳನ್ನೂ ಮೂವತ್ತಕ್ಕೆ ಸಮ ಮಾಡಿದರು. ಉಳಿದ ಐದು ದಿನಗಳು ಯಾವ ತಿಂಗಳಿಗೂ ಸೇರದೆ ವರ್ಷದ ಕೊನೆಗೆ ಬಿದ್ದಿರುತ್ತವೆ. ಅವಕ್ಕೆ ಬಿಡುದಿನ ಎನ್ನುತ್ತೇವೆ. ಅಮಾವಾಸ್ಯೆ ಮಾತ್ರ ಯಾರ ಮಾತೂ ಕೇಳದೆ ತನ್ನ ಪಾಡಿಗೆ ಬರುತ್ತದೆ. ನನ್ನ ಬರಹದಲ್ಲಿ ನಿಮಗೆ ಕೇಳಿ ಗೊತ್ತಿಲ್ಲದ ಪದಗಳು ಬರುತ್ತವೆ. ಅದಕ್ಕೆ ಕ್ಷಮೆ ಇರಲಿ. ನನ್ನ ಹೆಸರು ದಾನವ್ವ. ಓದಿದ್ದು ಏಳನೆಯ ಇಯತ್ತೆ. ದಿನಾ ನಾಲ್ಕು ಸಾಲು ದಿನಚರಿ ಬರೆಯುವ ರೂಢಿ ಇರುವುದರಿಂದ ಕೈ ಓಡುತ್ತದೆ, ಅಷ್ಟೆ.

ಸಾವಾದ ಮನೆಗೆ ನಮ್ಮಲ್ಲಿ ಸರ್ಕಾರ ಒಂದು ಹಿಂದೋಲೆ ಕೊಡುತ್ತದೆ. ಹಾಗೆಂದರೆ ಹಿಂದಿನ ಕಾಲಕ್ಕೆ ಕಳಿಸುವ ಕಾಗದ. ಅದು ಹೇಗೆ ಹೋಗುತ್ತದೆ ಎಂಬುದು ನನಗೆ ತಿಳಿಯದು. ಅಂಚೆಮನೆಯ ಗುಮಾಸ್ತೆಯನ್ನು ಕೇಳಿದೆ. "ಹೋಗೂದಂತೂ ಹೋಗ್ತೈತಿ ನೋಡ್ರಿ, ಮುಟ್ಟಿದ್ದು ಮಾತ್ರ ನಮಗ ಗೊತ್ತಾಗಂಗಿಲ್ಲ," ಎಂದಳು. ಹೆಚ್ಚಿನವರು ತಮ್ಮ ಮುತ್ತಜ್ಜಿಯರಿಗೆ ಬರೆಯುತ್ತಾರೆ. ಕೆರೆ ಯಾಕೆ ಮುಚ್ಚಿದಿರಿ ಎಂದು ಬೈಯುತ್ತಾರೆ, ಇಲ್ಲವೇ ಯಾವುದೋ ಪುಡಿಚಟ್ನಿ ಮಾಡುವ ರೀತಿ ಕೇಳುತ್ತಾರೆ. ನಾನು ನನ್ನ ಹಿರಿಯರಿಗೆ ಬರೆಯುತ್ತಿಲ್ಲ. ಗಂಟು ಇಟ್ಟುಕೊಂಡಿರುವ ನಿಮ್ಮೆಲ್ಲರಿಗೆ ಬರೆಯುತ್ತಿದ್ದೇನೆ. ಕೊನೆಯಲ್ಲಿ ನಿಮ್ಮ ನಡುವೆ ಇರುವ ಒಬ್ಬನಿಗೆ ಬೇರೆಯಾಗಿ ಎರಡು ಮಾತು ಹೇಳುವುದಿದೆ.

ನೀವು ಕ್ರಿಪ್ಟೊ ವಾಲೆಟ್ ಎನ್ನುವುದನ್ನು ನಾವು ಗಂಟು ಎನ್ನುತ್ತೇವೆ. ಅದನ್ನು ತೆರೆಯುವ ಹನ್ನೆರಡು ಪದಗಳನ್ನು ಹನ್ನೆರಡು ಎಂದಷ್ಟೇ ಕರೆಯುತ್ತೇವೆ. ಹನ್ನೆರಡು ಯಾರ ಬಳಿ ಇದೆಯೋ ಗಂಟು ಅವರದು. ನನ್ನದು ಎಂದು ಅತ್ತರೂ, ಸಹಿ ತೋರಿಸಿದರೂ ನಡೆಯುವುದಿಲ್ಲ. ನಿಮ್ಮ ಕಾಲದಲ್ಲೂ ಹೀಗೇ ಇತ್ತಂತೆ. ಕೀಬೋರ್ಡಿಗೆ ನಮ್ಮಲ್ಲಿ ಹಲಗೆ ಎಂಬ ಹೆಸರು. ಹಲಗೆಯ ಮೇಲೆ ಒತ್ತಿದ್ದನ್ನೆಲ್ಲ ಕದ್ದು ಬರೆದಿಟ್ಟುಕೊಳ್ಳುವ ವಸ್ತುವನ್ನು ನೀವು ಕೀಲಾಗರ್ ಎನ್ನುತ್ತೀರಂತೆ. ನಾವು ಬೆರಳುಗಳ್ಳ ಎನ್ನುತ್ತೇವೆ. ಉಳಿದ ಕೆಟ್ಟ ಪ್ರೋಗ್ರಾಂಗಳೆಲ್ಲ ಒಟ್ಟಾಗಿ ಹುಳ.

ನಾವು ಇಳಕಲ್ಲಿನಾಚೆ ಕೆಂಪು ಕಲ್ಲು ಕೊಯ್ದು ಹೊಳಪು ಕೊಡುವ ಜನ. ನಮ್ಮ ಓಣಿಗೆ ಹಾಸುಗಲ್ಲ ಓಣಿ ಎಂದು ಹೆಸರು. ನಿಮ್ಮ ಕಾಲದಲ್ಲಿ ನೀರು ಬಿಟ್ಟು ಕಲ್ಲು ಕೊಯ್ಯುತ್ತಿದ್ದರಂತೆ, ಪುಡಿ ಹಾರುತ್ತಿರಲಿಲ್ಲವಂತೆ. ನಮಗೆ ಕುಡಿಯಲು ಅಳೆದು ಕೊಡುವ ನೀರನ್ನು ಕಲ್ಲಿಗೆ ಯಾರು ಕೊಡುತ್ತಾರೆ? ಒಣಗಲ್ಲೇ ಕೊಯ್ಯುತ್ತೇವೆ. ಪುಡಿ ಅನ್ನದಲ್ಲಿ, ಹಾಸಿಗೆಯಲ್ಲಿ, ಕೂದಲ ಬುಡದಲ್ಲಿ ಇರುತ್ತದೆ. ನಲವತ್ತರ ಹೊತ್ತಿಗೆ ಎದೆಯಲ್ಲಿ ಇರುತ್ತದೆ. ಹುಬ್ಬಳ್ಳಿಯಲ್ಲಿ ಪುಪ್ಪುಸಮನೆ ಇದೆ. ನಮ್ಮದೇ ಮೈಯಿಂದ ಒಂದು ಚೂರು ತೆಗೆದುಕೊಂಡು ನಾಲ್ಕು ತಿಂಗಳಲ್ಲಿ ಹೊಸ ಪುಪ್ಪುಸ, ಅಂದರೆ ಶ್ವಾಸಕೋಶ, ಬೆಳೆಸಿ ಕೊಡುತ್ತಾರೆ. ಕಾಸು ಮೊದಲೇ ಕಟ್ಟಬೇಕು. ನಮ್ಮ ಓಣಿಯಲ್ಲಿ ಗಂಟು ಕಟ್ಟುವುದೆಂದರೆ ಅದಕ್ಕೇ. ಮದುವೆಗೆ, ಮನೆಗೆ ಯಾರೂ ಕಟ್ಟುವುದಿಲ್ಲ. ಉಸಿರಿಗೆ ಕಟ್ಟುತ್ತಾರೆ.

ಹನ್ನೆರಡನ್ನು ಎಲ್ಲಿ ಇಡಬೇಕು ಎಂಬ ಪ್ರಶ್ನೆ ಬಂದಾಗ ನಮ್ಮ ಹಿರಿಯರು ಕಲ್ಲಿನವರಾದ್ದರಿಂದ ಕಲ್ಲಿನಲ್ಲೇ ಕೆತ್ತಿಟ್ಟಿದ್ದರು. ಒಮ್ಮೆ ಅಂಥ ಕಲ್ಲು ಹಾಸುಗಲ್ಲುಗಳ ಜೊತೆ ಸೇರಿ ಮಾರಾಟವಾಗಿ ಹೋಯಿತು. ಯಾರದೋ ಊರಿನ ಯಾರದೋ ಅಂಗಳದಲ್ಲಿ ಹಾಸಿದರು. ಓದಿದವನು ಗಂಟು ಬಿಚ್ಚಿಕೊಂಡ. ಅಂದಿನಿಂದ ಹಿರಿಯರು ಕಟ್ಟಳೆ ಮಾಡಿದರು: ಹನ್ನೆರಡನ್ನು ಎಲ್ಲೂ ಬರೆಯಕೂಡದು, ಬಾಯಲ್ಲಿ ಹೇಳಕೂಡದು, ಬೆರಳಲ್ಲಿ ಇಡಬೇಕು. ತಲೆ ಮರೆತರೂ ಕೆಲಸಗಾರನ ಕೈ ಮರೆಯುವುದಿಲ್ಲ ಎಂಬುದು ನಮ್ಮವರ ಹೆಮ್ಮೆ. ಹಾಗೆ ಬೆರಳೋದು ಶುರುವಾಯಿತು. ಪ್ರತಿ ಅಮಾವಾಸ್ಯೆಯ ಬೆಳಿಗ್ಗೆ ತಲೆಸ್ನಾನ ಮಾಡಿ, ಕಣ್ಣು ಮುಚ್ಚಿ, ಮನೆಯ ಹಲಗೆಯ ಮೇಲೆ ಹನ್ನೆರಡನ್ನು ಮೂರು ಸಲ ಒತ್ತುವುದು. ಆ ಹಲಗೆಗೆ ಯಾವ ತಂತಿಯೂ ಇಲ್ಲ, ಹೊರಗಿನ ಜಾಲದ ಸಂಪರ್ಕವೂ ಇಲ್ಲ. ಅಂಗೈಯಗಲದ ಒಂದು ತೆರೆ ಮಾತ್ರ, ಒತ್ತಿದ್ದು ಸರಿಯೋ ತಪ್ಪೋ ನೋಡಿಕೊಳ್ಳಲು. ಮೂಗಹಲಗೆ ಎನ್ನುತ್ತಿದ್ದೆವು. ಜಾಲಕ್ಕೆ ಸೇರದ ಹಲಗೆಯಿಂದ ಏನು ತಾನೇ ಹೊರಗೆ ಹೋದೀತು ಎಂದು ನೂರು ವರ್ಷ ನಂಬಿದ್ದೆವು. ಇಡೀ ನಾಡಿನಲ್ಲಿ ಎಲ್ಲರೂ ಹನ್ನೆರಡನ್ನು ಒತ್ತಬೇಡಿ, ಒತ್ತಬೇಡಿ ಎನ್ನುತ್ತಿದ್ದಾಗ ತಿಂಗಳಿಗೊಮ್ಮೆ ತಪ್ಪದೆ ಒತ್ತುತ್ತಿದ್ದವರು ನಾವೊಬ್ಬರೇ. ಅದನ್ನು ವ್ರತದಂತೆ ಮಾಡುತ್ತಿದ್ದೆವು.

ಕಸ್ತೂರಿ ನನಗಿಂತ ಆರು ವರ್ಷಕ್ಕೆ ಚಿಕ್ಕವಳು. ಹದಿನೈದಕ್ಕೇ ಹೊಳಪು ಮಾಡುವ ಶೆಡ್ಡಿಗೆ ಹೋದಳು. ಅವಳ ಬೆರಳಿನಷ್ಟು ಚುರುಕು ನಾನು ಯಾರಲ್ಲೂ ಕಂಡಿಲ್ಲ. ಬೆರಳೋದುವಾಗ ಗುಂಡಿಗಳ ಸದ್ದು ಜಡಿಮಳೆಯಂತೆ ಬರುತ್ತಿತ್ತು. ಮುಗಿಸಿ ನನ್ನ ಕಡೆ ತಿರುಗಿ, "ಯಕ್ಕಾ, ನೀ ಒಂದ ಪದ ಒತ್ತೂದ್ರಾಗ ನಾ ಹನ್ನೆರಡೂ ಒತ್ತಿ ಚಾ ಕುಡದು ಬರ್ತೀನಿ," ಎಂದು ಹಂಗಿಸುತ್ತಿದ್ದಳು. ಮೂವತ್ಮೂರಕ್ಕೆ ಅವಳಿಗೆ ಕೆಮ್ಮು ಹಿಡಿಯಿತು. ಇಬ್ಬರೂ ಸೇರಿ ಒಂಬತ್ತು ವರ್ಷ ಕಟ್ಟಿದ ಗಂಟಿತ್ತು. ಹೋದ ವರ್ಷ ಮಾರ್ಚ್ ಎಂಟಕ್ಕೆ ಹುಬ್ಬಳ್ಳಿಗೆ ಹೋಗಿ, ಪುಪ್ಪುಸಮನೆಯ ಕಿಂಡಿಯ ಮುಂದೆ ಅವಳೇ ಕೂತು ಒತ್ತಿದಳು. ಗಂಟು ತೆರೆಯಿತು. ಒಳಗೆ ಏನೂ ಇರಲಿಲ್ಲ. ಹಿಂದಿನ ದಿನವಷ್ಟೇ ಯಾರೋ ಬಿಚ್ಚಿಕೊಂಡಿದ್ದರು. ಕಿಂಡಿಯವಳು ಮೆತ್ತಗೆ, "ಹಿಂದಿನವರಿಗೆ ಜಾಗಾ ಬಿಡ್ರಿ," ಎಂದಳು.

ಊರಿಗೆ ಬರುವುದರೊಳಗೆ ಓಣಿಯಲ್ಲಿ ಮಾತು ತಯಾರಾಗಿತ್ತು. ಕಸ್ತೂರಿ ಜ್ವರದಲ್ಲಿ ಬಾಯಿ ಬಿಟ್ಟಿದ್ದಾಳೆ. ನಿದ್ದೆಯಲ್ಲಿ ಹನ್ನೆರಡನ್ನೂ ಹೇಳಿದ್ದಾಳೆ, ಯಾರೋ ಕಿಟಕಿಯಲ್ಲಿ ಕೇಳಿಸಿಕೊಂಡಿದ್ದಾರೆ. ನಮ್ಮ ಓಣಿಯಲ್ಲಿ ಬಾಯಿಬಿಟ್ಟವಳು ಎನ್ನುವುದಕ್ಕಿಂತ ದೊಡ್ಡ ಬೈಗುಳ ಇಲ್ಲ. ನೀರಿನ ಪಾಳಿಯಲ್ಲಿ ಒಬ್ಬಳು ಮುಖದ ಮೇಲೆಯೇ, "ನಮ್ಮನೀ ಕಡೆ ಮಲಗಾಕ ಬರಬ್ಯಾಡ ತಂಗಿ, ನಮ್ಮ ಹನ್ನೆರಡೂ ಹೇಳಿಗೀಳಿ ಬಿಟ್ಟೀ," ಎಂದು ನಕ್ಕಳು. ಕಸ್ತೂರಿಯೂ ನಗಲು ನೋಡಿದಳು. ಅವಳಿಗೇ ಅದು ನಿಜ ಎನ್ನಿಸತೊಡಗಿತ್ತು. ಮಲಗುವಾಗ ದುಪಟ್ಟಾದಿಂದ ಬಾಯಿ ಕಟ್ಟಿಕೊಳ್ಳುತ್ತಿದ್ದಳು. ಉಸಿರಾಡಲು ಬಾಯಿ ತೆರೆಯಲೇಬೇಕಾದವಳು. ನಾನು ಬಿಚ್ಚಿದರೆ ಎದ್ದು ಮತ್ತೆ ಕಟ್ಟಿಕೊಳ್ಳುತ್ತಿದ್ದಳು. "ಇರ್ಲಿ ಬಿಡಕ್ಕಾ, ಇನ್ನೇನಾರ ಹೋಗಬಾರದು," ಎನ್ನುತ್ತಿದ್ದಳು. ಹೋಗಲು ಇನ್ನೇನೂ ಉಳಿದಿರಲಿಲ್ಲ. ಐದು ತಿಂಗಳು ಹಾಗೆ ಇದ್ದು ಆಗಸ್ಟ್ ಒಂಬತ್ತರ ಬೆಳಿಗ್ಗೆ ಸತ್ತಳು. ತಪ್ಪು ತನ್ನದು ಎಂದುಕೊಂಡೇ ಸತ್ತಳು. ಸಾವಿಗೆ ನಾನು ಸಮಾಧಾನ ತಂದುಕೊಂಡೇನು. ಇದಕ್ಕೆ ತಂದುಕೊಳ್ಳಲಾರೆ.

ದಿನಚರಿ ನನಗೆ ಕಳ್ಳನನ್ನು ತೋರಿಸಿತು. ಅವಳು ಹೋದ ಮೇಲೆ ಅವಳು ಇದ್ದ ದಿನಗಳನ್ನು ಓದುವುದೊಂದೇ ನನಗೆ ಕೆಲಸ. ಹಾಗೆ ಓದುವಾಗ ಹೋದ ವರ್ಷದ ಫೆಬ್ರವರಿ ಹನ್ನೊಂದರ ಸಾಲು ಸಿಕ್ಕಿತು: "ಯಮನೂರಪ್ಪ ಬಂದು ಹಲಗೆ ಒರೆಸಿದ. ಸ್ಪೇಸ್ ಗುಂಡಿ ಮತ್ತೆ ಬಿಗಿಯಾಗಿದೆ. ಕಸ್ತೂರಿ ನಿದ್ದೆಯಲ್ಲಿ ಮಾತಾಡುತ್ತಾಳೆ ಎಂದು ಓಣಿಯಲ್ಲಿ ಅನ್ನುತ್ತಾರಂತೆ, ಅವನು ಹೇಳಿದ." ಗಂಟು ಹೋಗುವುದಕ್ಕೆ ಇನ್ನೂ ಒಂದು ತಿಂಗಳಿತ್ತು. ಆಗ ಓಣಿಯಲ್ಲಿ ಯಾರೂ ಹಾಗೆ ಅಂದಿರಲಿಲ್ಲ. ಮನೆಮನೆ ತಿರುಗುವವನು ಒಬ್ಬನೇ ಅಂದಿದ್ದ.

ಯಮನೂರಪ್ಪನ ಕೆಲಸ ಹಲಗೆ ಒರೆಸುವುದು. ಕಲ್ಲಿನ ಪುಡಿ ಗುಂಡಿಗಳ ಕೆಳಗೆ ಸೇರಿ ಹಲಗೆ ಕೆಡುತ್ತದೆ. ಎರಡು ತಿಂಗಳಿಗೊಮ್ಮೆ ಅವನು ಬಂದು, ಗುಂಡಿ ಬಿಚ್ಚಿ, ಕುಂಚದಿಂದ ಗುಡಿಸಿ, ಒಂದು ಹನಿ ಎಣ್ಣೆ ಬಿಟ್ಟು ಕೂಡಿಸಿಕೊಡುತ್ತಾನೆ. ಹದಿನಾಲ್ಕು ವರ್ಷದಿಂದ ನಮ್ಮ ಮನೆಗೆ ಬರುತ್ತಿದ್ದ. ನಮ್ಮ ಮನೆಯಲ್ಲಿ ಉಂಡವನು. ಕಸ್ತೂರಿ ಅವನಿಗೆ ಅಣ್ಣಾ ಎನ್ನುತ್ತಿದ್ದಳು. ಹಲಗೆಗೆ ಜಾಲದ ದಾರಿ ಇಲ್ಲದಿದ್ದರೇನು, ಅವನ ಕೈಯ ದಾರಿ ಇತ್ತು. ಆ ಸಾಲು ಓದಿದ ಮರುದಿನ ನಾನು ಸ್ಪೇಸ್ ಗುಂಡಿಯನ್ನು ಸೂಜಿಯಿಂದ ಎಬ್ಬಿಸಿ ನೋಡಿದೆ. ಕೆಳಗೆ ಸಾಸಿವೆ ಕಾಳಿನಷ್ಟು ಒಂದು ಕರಿಯ ಚೂರು ಅಂಟಿತ್ತು. ನನಗೆ ಕೂಗಬೇಕು ಎನ್ನಿಸಲಿಲ್ಲ. ಗುಂಡಿಯನ್ನು ಮೊದಲಿನಂತೆ ಕೂಡಿಸಿ, ಮೇಲೆ ಸ್ವಲ್ಪ ಪುಡಿ ಉದುರಿಸಿ, ಕೈ ತೊಳೆದುಕೊಂಡು ನ್ಯಾಯಮನೆಗೆ ನಡೆದೆ.

ನ್ಯಾಯಮನೆಯಲ್ಲಿ ಹಲಗೆಗಳ ಪರೀಕ್ಷೆ ಮಾಡುವವಳು ಮೆಹಬೂಬಿ. ಶಾಲೆಯಲ್ಲಿ ನನ್ನ ಜೊತೆ ಇದ್ದವಳು. ಎಲ್ಲ ಕೇಳಿ ತಲೆಯಾಡಿಸಿದಳು. "ಅದನ್ನ ಕಿತ್ತು ತಂದ್ರ ಒಂದು ಕಾಳು ಸಿಗ್ತೈತಿ ದಾನವ್ವ, ಕಳ್ಳ ಸಿಗಂಗಿಲ್ಲ. ಕಂಪನ್ಯಾಗ ಹಾಕಿ ಕಳಿಸ್ಯಾರ, ನನಗೇನ ಗೊತ್ತು ಅಂತಾನ. ಮ್ಯಾಲೆ ನಿನ್ನ ತಂಗಿ ಬಾಯಿ ಬಿಟ್ಟಾಳನ್ನೂದು ಹಂಗ ಉಳೀತೈತಿ."

"ಮತ್ತೇನ್ ಮಾಡೂಣು?"

"ಬಾಯಾಗ ಹೇಳಾಕ ಆಗದಂಥಾ ಹನ್ನೆರಡು ಬೇಕು. ಬೆರಳಿಗಷ್ಟ ಗೊತ್ತಿರಬೇಕು, ನಿನಗೂ ಗೊತ್ತಿರಬಾರದು."

ಅವಳು ಹೇಳಿದ್ದು ನನಗೆ ಅರ್ಥವಾಗಲು ಎರಡು ದಿನ ಹಿಡಿಯಿತು. ನಮ್ಮ ಹಲಗೆಗಳ ಗುಂಡಿಗಳ ಮೇಲೆ ಅಕ್ಷರಗಳು ಇರುವುದಿಲ್ಲ; ಕಲ್ಲಿನ ಪುಡಿ ಉಜ್ಜಿ ಉಜ್ಜಿ ಯಾವಾಗಲೋ ಅಳಿಸಿಹೋಗಿರುತ್ತವೆ. ಮೆಹಬೂಬಿ ಅದನ್ನೇ ಹಿಡಿದಳು. ನಮಗಾರಿಗೂ ಬಾರದ ಯಾವುದೋ ದೂರದ ಭಾಷೆಯಲ್ಲಿ ಹೊಸ ಹನ್ನೆರಡು ಆರಿಸಿದರು. ನಾಲ್ಕು ಪದ ಮೆಹಬೂಬಿಗೆ ಗೊತ್ತು, ಇನ್ನು ನಾಲ್ಕು ನ್ಯಾಯಮನೆಯ ಇನ್ನೊಬ್ಬರಿಗೆ, ಉಳಿದ ನಾಲ್ಕು ಮತ್ತೊಬ್ಬರಿಗೆ. ಒಬ್ಬರದು ಒಬ್ಬರಿಗೆ ಗೊತ್ತಿಲ್ಲ. ಹಲಗೆಯ ತೆರೆಗೆ ಬಟ್ಟೆ ಮುಚ್ಚಿ, ನನ್ನ ಬೆರಳು ಹಿಡಿದು, ಇದಾದ ಮೇಲೆ ಇದು ಎಂದು ಒಬ್ಬೊಬ್ಬರೇ ಒತ್ತಿಸಿದರು. ಏಳು ಸಂಜೆ ಕಲಿತೆ. ಇವತ್ತಿಗೂ ಆ ಪದಗಳನ್ನು ನಾನು ಕಂಡಿಲ್ಲ, ಕೇಳಿಲ್ಲ. ನನ್ನನ್ನು ಕಟ್ಟಿ ಹಾಕಿ ಹೊಡೆದರೂ ನನ್ನ ಬಾಯಿಂದ ಅವು ಬರುವುದು ಸಾಧ್ಯವಿಲ್ಲ. ಲೋಕದಲ್ಲಿ ಹನ್ನೆರಡೂ ಒಟ್ಟಿಗೆ ಇದ್ದದ್ದು ನನ್ನ ಹತ್ತು ಬೆರಳಲ್ಲಿ ಮಾತ್ರ. ಆ ಗಂಟಿಗೆ ಕಸ್ತೂರಿಯ ಸಾವಿಗೆ ಸರ್ಕಾರ ಕೊಟ್ಟ ಕಾಸು ಹಾಕಿದೆ. ಅಮಾವಾಸ್ಯೆಗೆ ತಲೆಸ್ನಾನ ಮಾಡಿ, ಆ ಕರಿಯ ಕಾಳಿರುವ ಹಲಗೆಯನ್ನೇ ಮುಂದಿಟ್ಟುಕೊಂಡು, ಮೂರು ಸಲ ಒತ್ತಿದೆ.

ಅದಾದ ಮೇಲೆ ಮೊದಲ ಸಲ ಯಮನೂರಪ್ಪ ಒರೆಸಲು ಬಂದಾಗ ನಾನು ಚಹಾ ಮಾಡಿಕೊಟ್ಟೆ. ಗುಂಡಿ ಬಿಚ್ಚುತ್ತ ಕೂತಿದ್ದವನು ಕಸ್ತೂರಿಯ ಫೋಟೋ ನೋಡಿ ನಾಲಗೆ ಲೊಚಗುಟ್ಟಿದ.

"ಪಾಪ. ನಿದ್ದ್ಯಾಗ ಮಾತಾಡೂದು ಒಂದು ರೋಗರಿ ಅದು. ಅಕಿ ಏನು ಬೇಕಂತ ಮಾಡಿದ್ಲಾ?"

"ಇಲ್ಲಪ್ಪ."

"ನೀವ ಹೊಸಾ ಗಂಟು ಕಟ್ಟೀರೇನ್ರಿ ಯಕ್ಕಾ? ಗುಂಡಿ ಓಡಾಡಿದಂಗ ಕಾಣ್ತಾವ."

"ಸರ್ಕಾರದ ಕಾಸು ಬಂದಾವಲ್ಲಪ್ಪ. ನನಗೂ ಎದ್ಯಾಗ ಪುಡಿ ಕುಂತೈತಿ ಅಂದಾರ."

"ಚಲೋ ಮಾಡೀರಿ. ಅಮಾಸಿ ತಪ್ಪಸಬ್ಯಾಡ್ರಿ ಮತ್ತ. ಬೆರಳು ಬಿಟ್ರ ಹೋತು."

ಹಾಗೆ ಹೇಳಿ ಇನ್ನರ್ಧ ಲೋಟ ಚಹಾ ಕೇಳಿದ. ಕೊಟ್ಟೆ. ಅವನ ಕೈ ನೋಡುತ್ತಾ ಕೂತೆ. ಚಿಮುಟದ ತುದಿ ಸ್ಪೇಸ್ ಗುಂಡಿಯ ಕೆಳಗೆ ಹೋಗಿ ಬಂತು, ಕುಂಚ ಆಡಿತು, ಕೈ ಜೇಬಿಗೆ ಹೋಗಿ ಬಂತು. ಹದಿನಾಲ್ಕು ವರ್ಷ ನನ್ನ ಕಣ್ಣೆದುರೇ ನಡೆದಿದ್ದನ್ನು ನಾನು ಅಂದು ಮೊದಲ ಸಲ ನೋಡಿದೆ. ನನಗೆ ಸಿಟ್ಟು ಬರಲಿಲ್ಲ. ಖುಷಿಯಾಯಿತು. ಇದನ್ನು ಬರೆಯಲು ನನಗೆ ನಾಚಿಕೆ ಇಲ್ಲ.

ಅವನು ಆತುರಗಾರನಲ್ಲ. ಕಸ್ತೂರಿಯ ಗಂಟನ್ನೂ ತುಂಬುವವರೆಗೆ ಕಾದಿದ್ದ. ನಾನೂ ಕಾದೆ. ಪ್ರತಿ ಹದಿನೈದು ದಿನಕ್ಕೆ ಅದರಲ್ಲಿ ಸ್ವಲ್ಪ ಸ್ವಲ್ಪ ಹಾಕುತ್ತಾ ಹೋದೆ. ಅದಕ್ಕಾಗಿ ಒಂದು ಹೊತ್ತಿನ ಊಟ ಬಿಟ್ಟೆ. ಮೂರು ಅಮಾವಾಸ್ಯೆ ಒತ್ತಿದೆ. ಜನವರಿ ಹನ್ನೆರಡಕ್ಕೆ ಅವನು ಎರಡನೆಯ ಸಲ ಒರೆಸಲು ಬಂದ. ಹದಿನಾರಕ್ಕೆ ಗಂಟು ಖಾಲಿಯಾಯಿತು. ನ್ಯಾಯಮನೆಯವರು ಕಣ್ಣಿಟ್ಟೇ ಇದ್ದರು. ಕಾಸು ಹೋಗಿ ಸೇರಿದ ಗಂಟಿನಿಂದಲೇ ಹೋದ ವರ್ಷ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಪುಪ್ಪುಸಮನೆಗೆ ಹಣ ಕಟ್ಟಿತ್ತು. ಯಾರ ಪುಪ್ಪುಸಕ್ಕೆ ಎಂದು ನೋಡಿದರೆ ಯಮನೂರಪ್ಪನ ತಾಯಿಯ ಹೆಸರಿತ್ತು. ಹೆಂಡತಿಯ ತವರಿನ ಹೊಲ ಮಾರಿ ತಾಯಿಗೆ ಉಸಿರು ತಂದೆ ಎಂದು ಅವನು ಊರೆಲ್ಲ ಹೇಳಿಕೊಂಡಿದ್ದ. ಅವನ ಮನೆಯಲ್ಲಿ ಎಲೆಅಡಿಕೆ ಡಬ್ಬಿಯೊಂದು ಸಿಕ್ಕಿತು. ಒಳಗೆ ಮೂವತ್ತೊಂದು ಕರಿಯ ಕಾಳು. ಒಂದೊಂದನ್ನೂ ಚೂರು ಕಾಗದದಲ್ಲಿ ಮಡಚಿ ಮೇಲೆ ಮನೆಯ ಹೆಸರು ಬರೆದಿದ್ದ. ನಮ್ಮ ಮನೆಯದರ ಮೇಲೆ "ಅಕ್ಕತಂಗಿ" ಎಂದಿತ್ತು.

ಆಗಸ್ಟ್ ಒಂಬತ್ತಕ್ಕೆ ನನ್ನ ತಂಗಿ ಸತ್ತಳು. ಆಗಸ್ಟ್ ಹದಿನೆಂಟಕ್ಕೆ ಅವನ ತಾಯಿ ಹೊಸ ಪುಪ್ಪುಸದಿಂದ ಉಸಿರೆಳೆದಳು. ಎರಡೂ ತಾರೀಖು ನನ್ನ ದಿನಚರಿಯಲ್ಲಿವೆ. ಹದಿನೆಂಟರ ಸಾಲು ಹೀಗಿದೆ: "ಯಮನೂರಪ್ಪನ ಮನೆಯಿಂದ ಪೇಢೆ ಬಂತು. ತಾಯಿ ಉಳಿದಳಂತೆ. ಒಳ್ಳೆಯದಾಯಿತು." ಆ ಪೇಢೆ ನಾನು ತಿಂದಿದ್ದೆ.

ನಮ್ಮಲ್ಲಿ ಇಂಥ ತಪ್ಪಿಗೆ ಎರಡು ಶಿಕ್ಷೆ ಇವೆ. ಯಾವುದು ಬೇಕು ಎಂದು ಕಳೆದುಕೊಂಡವರು ಹೇಳಬೇಕು. ಒಂದು ಮರಳಿಕೆ: ಕದ್ದವನು ದುಡಿದು ಎಲ್ಲ ತೀರಿಸುತ್ತಾನೆ, ವಿಷಯ ಮುಚ್ಚಿದ ಕಾಗದದಲ್ಲಿ ಉಳಿಯುತ್ತದೆ, ಹೆಸರು ಹೊರಗೆ ಬರುವುದಿಲ್ಲ. ಇನ್ನೊಂದು ಬೆರಳುಬಂದಿ: ಅವನು ಏನು ಮಾಡಿದ, ಹೇಗೆ ಮಾಡಿದ ಎಂಬುದನ್ನು ಓಣಿಯ ಎಲ್ಲರನ್ನೂ ಕೂಡಿಸಿ ಅವನ ಬಾಯಿಂದಲೇ ಓದಿಸುತ್ತಾರೆ, ಆಮೇಲೆ ಅವನ ಹತ್ತು ಬೆರಳ ಗುರುತನ್ನೂ ಸರ್ಕಾರದ ಪಟ್ಟಿಯಿಂದ ತೆಗೆದುಹಾಕುತ್ತಾರೆ. ನಮ್ಮ ಕಾಲದಲ್ಲಿ ಬಾಗಿಲು, ನಲ್ಲಿ, ಬಸ್ಸು, ಅಂಗಡಿ, ಎಲ್ಲ ಬೆರಳಿನ ಗುರುತಿಗೆ ತೆರೆಯುತ್ತವೆ. ಬೆರಳುಬಂದಿಯಾದವನಿಗೆ ಯಾವುದೂ ತೆರೆಯುವುದಿಲ್ಲ. ಬಾಯಾರಿದರೆ ಇನ್ನೊಬ್ಬರ ಬೆರಳಿಗಾಗಿ ಕಾಯಬೇಕು. ಅವನು ದುಡಿಯಲಾರ, ಹಾಗಾಗಿ ಕಳೆದುಕೊಂಡವರಿಗೆ ಏನೂ ಮರಳುವುದಿಲ್ಲ.

ಹುಲಿಗೆವ್ವ ಇವತ್ತು ಬಂದದ್ದು ಮರಳಿಕೆ ಕೇಳಲು. ಒಳಗೆ ಕರೆಯಲಿಲ್ಲ. ಅವಳೂ ಹೊಸ್ತಿಲು ದಾಟಲಿಲ್ಲ.

"ಎಲ್ಲಾ ತೀರಿಸ್ತೀವಿ ಯಕ್ಕಾ. ಮನಿ ಮಾರತೀವಿ. ನಿಮ್ಮ ಎದಿಗೂ ಪುಡಿ ಕುಂತೈತಂತ, ಮೊದಲ ನಿಮ್ಮ ಉಸಿರಿಂದ ತೀರಿಸ್ತೀವಿ. ಒಂದ ವರ್ಷದಾಗ ಹುಬ್ಬಳ್ಳಿಗೆ ಹೋಗೀರಿ ನೀವು."

ನಾನು ಹೊಸ್ತಿಲ ಪುಡಿ ಗುಡಿಸತೊಡಗಿದೆ.

"ತಾಯಿ ಸಲುವಾಗಿ ಮಾಡ್ಯಾನ್ರಿ. ಅತ್ತಿ ಕಣ್ಣಮುಂದ ಸಾಯಾಕತ್ತಿದ್ರು. ನೀವ ಇದ್ರ ಏನ್ ಮಾಡ್ತಿದ್ರಿ?"

ಈ ಮಾತಿಗೆ ನನ್ನ ಕೈ ಒಂದು ಕ್ಷಣ ತಡೆಯಿತು. ಕಸ್ತೂರಿಗಾಗಿ ನಾನು ಏನು ಮಾಡುತ್ತಿರಲಿಲ್ಲ? ಅದು ನನಗೆ ಗೊತ್ತು. ಆಮೇಲೆ ತಾರೀಖುಗಳು ನೆನಪಾದವು.

"ನಿಮ್ಮತ್ತಿ ಎದ್ದು ಓಡಾಡಾಕ ಹತ್ತಿ ಎಷ್ಟ ದಿನಾ ಆತ ಹುಲಿಗೆವ್ವ?"

"ಐದ ತಿಂಗಳಾತ್ರಿ."

"ನನ್ನ ಗಂಟು ಹೋಗಿದ್ದು ಹೋದ ತಿಂಗಳು. ಅದು ಯಾರ ಉಸಿರಿಗೆ?"

ಅವಳು ಡಬ್ಬಿಯ ಮುಚ್ಚಳ ತಿರುವುತ್ತಾ, "ಓಣಿ ಮುಂದ ಓದಿಸಿದ್ರ ನಿಮ್ಮ ತಂಗಿ ತಿರುಗಿ ಬರ್ತಾಳೇನ್ರಿ?" ಎಂದಳು.

"ಬರೂದಿಲ್ಲ," ಎಂದೆ. "ಬಾಯಿಬಿಟ್ಟಾಕಿ ಅನ್ನೂದು ಹೋಗ್ತೈತಿ."

ಅವಳು ಎದ್ದು ಹೋದಳು. ಕೆಟ್ಟವಳಲ್ಲ ಅವಳು. ಅದರಿಂದ ನನ್ನ ತೀರ್ಮಾನ ಬದಲಾಗಲಿಲ್ಲ. ನಾನು ಮರಳಿಕೆ ಒಪ್ಪಿದರೆ ನನಗೆ ಪುಪ್ಪುಸ ಬರುತ್ತದೆ, ಕಸ್ತೂರಿ ಮಾತ್ರ ಓಣಿಯ ಬಾಯಲ್ಲಿ ಹಾಗೇ ಉಳಿಯುತ್ತಾಳೆ. ಆ ಉಸಿರನ್ನು ಎಳೆದುಕೊಂಡು ನಾನು ಎಲ್ಲಿ ತಿರುಗಲಿ? ಬೆರಳುಬಂದಿ ಬೇಕೆಂದು ಬರೆದು ಮೂರು ಗಂಟೆಗೆ ನ್ಯಾಯಮನೆಗೆ ಕೊಟ್ಟು ಬಂದೆ. ಮೆಹಬೂಬಿ ಓದಿ, "ಇನ್ನೊಮ್ಮೆ ವಿಚಾರ ಮಾಡ್ತೀಯೇನು?" ಎಂದಳು. ಮಾಡಿದ್ದೇನೆ ಎಂದೆ. ಅವಳು ಮುದ್ರೆ ಒತ್ತಿದಳು.

ಈಗ ನಿಮಗೆ. ನನ್ನ ಬದಲು ನೀವೂ ಸ್ವಲ್ಪ ಸೇಡು ತೀರಿಸಿ. ಅದಕ್ಕೆ ಯಾರನ್ನೂ ಹೊಡೆಯಬೇಕಾಗಿಲ್ಲ, ಕಳ್ಳನನ್ನು ಬರಿಗೈಯಲ್ಲಿ ಕಳಿಸಿದರೆ ಸಾಕು. ನಿಮ್ಮ ಹನ್ನೆರಡನ್ನು ಯಾವ ಹಲಗೆಯ ಮೇಲೂ ಒತ್ತಬೇಡಿ, ಅಭ್ಯಾಸಕ್ಕೂ ಒತ್ತಬೇಡಿ, ಜಾಲವಿಲ್ಲದ ಹಲಗೆ ಎಂದು ನಂಬಿಯೂ ಒತ್ತಬೇಡಿ. ಫೋನಿನಲ್ಲಿ ಫೋಟೋ ಹಿಡಿದಿಟ್ಟುಕೊಳ್ಳುವುದೂ ಒತ್ತಿದಂತೆಯೇ, ಹುಳಕ್ಕೆ ಕಣ್ಣೂ ಇರುತ್ತದೆ. ಕಾಗದದ ಮೇಲೆ ಕೈಯಲ್ಲಿ ಬರೆಯಿರಿ, ಇಲ್ಲವೇ ತಗಡಿನ ಮೇಲೆ ಕೊರೆಯಿರಿ, ನಿಮ್ಮ ಮನೆಯಲ್ಲೇ ಬೀಗ ಹಾಕಿಡಿ, ಮಾರುವ ಸಾಮಾನಿನ ಜೊತೆ ಸೇರಿಸಬೇಡಿ. ಹನ್ನೆರಡನ್ನು ತನ್ನ ಹೊಟ್ಟೆಯೊಳಗೇ ಇಟ್ಟುಕೊಂ‍ಡು, ತಾನೇ ಸಹಿ ಮಾಡಿ ಕೊಡುವ ಹಾರ್ಡ್‌ವೇರ್ ವಾಲೆಟ್ ಎಂಬ ಪುಟ್ಟ ಸಾಧನಗಳು ನಿಮ್ಮ ಕಾಲದಲ್ಲೇ ಸಿಗುತ್ತವಂತೆ. ಆದರೆ ಅದನ್ನು ಮಾಡುವವರಿಂದಲೇ ಕೊಳ್ಳಿ, ಇನ್ನೊಬ್ಬರ ಕೈ ದಾಟಿ ಬಂದದ್ದು ಬೇಡ. ಮೆಹಬೂಬಿ ಇನ್ನೊಂದು ಹುಳ ತೋರಿಸಿದಳು. ನೀವು ಕಾಸು ಕಳಿಸಬೇಕಾದ ವಿಳಾಸವನ್ನು ನಕಲು ಮಾಡಿಕೊಂಡು ಅಂಟಿಸುವಷ್ಟರಲ್ಲಿ ಅದು ತನ್ನ ಯಜಮಾನನ ವಿಳಾಸ ಇಟ್ಟುಬಿಡುತ್ತದೆ. ಮೊದಲ ನಾಲ್ಕು ಅಕ್ಷರ ಒಂದೇ ತರಹ ಇರುತ್ತವೆ. ಪುಟ್ಟ ಸಾಧನದ ತೆರೆಯ ಮೇಲೆ ಕೊನೆಯ ಅಕ್ಷರದವರೆಗೆ ಓದಿದ ಮೇಲೆಯೇ ಒಪ್ಪಿಗೆ ಕೊಡಿ. ಗಂಟು ಇರುವ ಯಂತ್ರದಲ್ಲಿ ಬಿಟ್ಟಿ ಸಿಕ್ಕ ಆಟ, ಸಿನಿಮಾ, ಬೀಗ ಒಡೆದ ಪ್ರೋಗ್ರಾಂ ಹಾಕಿಕೊಳ್ಳಬೇಡಿ. ಹೊಸ ತೇಪೆ, ಅಂದರೆ ನಿಮ್ಮ ಮಾತಿನ ಅಪ್‌ಡೇಟ್, ಬಂದಾಗ ನಾಳೆ ನೋಡೋಣ ಎನ್ನಬೇಡಿ. ಇನ್ನು, ಸಹಾಯ ಮಾಡುತ್ತೇನೆ ಎಂದು ಬಂದವರು ಹನ್ನೆರಡು ಕೇಳಿದರೆ ಅವರು ಕಳ್ಳರು. ನಮ್ಮವನು ಕೇಳಲೂ ಇಲ್ಲ, ಒರೆಸಿಕೊಟ್ಟ. ಮತ್ತೆ, ಕಳೆದುಕೊಂಡವರನ್ನು ನೀನೇ ಬಾಯಿ ಬಿಟ್ಟಿರಬೇಕು ಎಂದು ಯಾವತ್ತೂ ಅನ್ನಬೇಡಿ. ಆ ಮಾತನ್ನು ಮೊದಲು ಯಾರು ಹೇಳಿದರೋ ಅವರ ಜೇಬು ನೋಡಿ.

ಕೊನೆಯ ಮಾತು ಒಬ್ಬನಿಗೆ. ನಿನ್ನ ಹೆಸರು ನನಗೆ ಗೊತ್ತಿಲ್ಲ. ಕರಿಯ ಕಾಳಿನೊಳಗಿನ ಬರಹವನ್ನು ಮೆಹಬೂಬಿ ಬಿಡಿಸಿ ನೋಡಿದಾಗ ಅದು ನಮ್ಮ ಕಾಲದ್ದಾಗಿರಲಿಲ್ಲ. ನೂರಾರು ಕೈ ದಾಟಿ, ತೇಪೆ ಹಾಕಿಸಿಕೊಂಡು ಬಂದಿತ್ತು. ಒಳಗಿನ ಮೊದಲ ಸಾಲುಗಳು ನಿಮ್ಮ ಕಾಲದವು. ನೀನು ಅದನ್ನು ಯಾವುದೋ ಮಧ್ಯಾಹ್ನ ಬರೆದು ಎಲ್ಲರಿಗೂ ಬಿಟ್ಟಿಯಾಗಿ ಹಂಚಿದ್ದೀಯ. ಮೇಲೆ ಒಂದು ಸಾಲು ಸೇರಿಸಿದ್ದೀಯ: ಕಲಿಕೆಗೆ ಮಾತ್ರ. ಆ ಸಾಲು ಇನ್ನೂ ಹಾಗೆಯೇ ಇದೆ, ಯಾರೂ ಅಳಿಸಿಲ್ಲ. ನಿನ್ನಿಂದ ಕಲಿತವನ ಎದುರು ನಾನು ನಿಂತಿದ್ದೇನೆ. ನಿನ್ನ ಬೆರಳು ನನ್ನ ಕೈಗೆ ಸಿಗುವುದಿಲ್ಲ, ಇನ್ನೂರು ವರ್ಷ ನಡುವೆ ಬಿದ್ದಿದೆ. ಆದ್ದರಿಂದ ಇದನ್ನಷ್ಟೇ ಮಾಡುತ್ತೇನೆ. ಕಸ್ತೂರಿಗೆ ಮೂವತ್ತನಾಲ್ಕು ತುಂಬಿತ್ತು. ನಗುವಾಗ ಕೈಯಿಂದ ಹಲ್ಲು ಮುಚ್ಚಿಕೊಳ್ಳುತ್ತಿದ್ದಳು. ಮೆಣಸಿನಕಾಯಿ ಬಜ್ಜಿಯ ಒಳಗಿನ ಬೀಜ ತೆಗೆದು ತಿನ್ನುತ್ತಿದ್ದಳು. ಕಡೆಯ ಐದು ತಿಂಗಳು ಉಸಿರಿಲ್ಲದ ಬಾಯಿಯನ್ನು ಬಟ್ಟೆಯಿಂದ ಕಟ್ಟಿಕೊಂಡು ಮಲಗಿದಳು. ಈಗ ನಿನಗೆ ಅವಳ ಹೆಸರು ಗೊತ್ತಾಯಿತು. ನನಗೆ ಗೊತ್ತಿಲ್ಲ ಎಂದು ಇನ್ನು ಮೇಲೆ ನೀನು ಅನ್ನುವಂತಿಲ್ಲ. ಬರೆದದ್ದನ್ನು ಅಳಿಸುವುದಾದರೆ ಅಳಿಸು. ಅಳಿಸದಿದ್ದರೆ ಅವಳ ಹೆಸರನ್ನು ಹೊತ್ತುಕೊಂಡೇ ಬದುಕು. ನಿನಗೆ ದೀರ್ಘಾಯುಷ್ಯ ಇರಲಿ ಎಂದು ಹಾರೈಸುತ್ತೇನೆ.

ಕಾಗದದ ಹಾಳೆ ಮುಗಿಯುತ್ತಾ ಬಂತು. ಅಂಚೆಮನೆ ಏಳಕ್ಕೆ ಮುಚ್ಚುತ್ತದೆ, ಅದರೊಳಗೆ ಕೊಟ್ಟು ಬರಬೇಕು. ನಿಮ್ಮ ಕಾಲದಲ್ಲಿ ನೀವೆಲ್ಲ ಚೆನ್ನಾಗಿರಿ. ಕಲ್ಲಿಗೆ ಇನ್ನೂ ನೀರು ಬಿಡುತ್ತಿದ್ದರೆ ಬಿಡುತ್ತಲೇ ಇರಿ.

ನಾಳೆ ಒಂಬತ್ತು ಗಂಟೆಗೆ ಹಾಸುಗಲ್ಲ ಓಣಿಯ ಅರವತ್ತೆರಡು ಮನೆಯವರೂ ನ್ಯಾಯಮನೆಯ ಅಂಗಳದಲ್ಲಿ ಸೇರುತ್ತಾರೆ, ಯಮನೂರಪ್ಪ ನಿಂತು ಓದುತ್ತಾನೆ.